ಭಾನುವಾರ ಹಲ್ ಹೌಸ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಶಿಕಾಗೋದ ಹಾಲ್‌ಸ್ಟೆಡ್ ಬೀದಿಯ ಹಲ್ ಹೌಸ್ ನೋಡಲು ಹೋಗುತ್ತಿದ್ದೇವೆ. ವಲಸೆ ಬಂದ ಬಡವರಿಗೆ ನೆರವಾಗುತ್ತಿದ್ದ ಕೇಂದ್ರ ಅದು, ಈಗ ಮ್ಯೂಸಿಯಂ. ಬ್ಲೂ ಲೈನ್ ರೈಲಿನಲ್ಲಿ ಯುಐಸಿ-ಹಾಲ್‌ಸ್ಟೆಡ್ ಸ್ಟೇಷನ್‌ನಲ್ಲಿ ಇಳಿಯಿರಿ. ಸಮಯ ಖಚಿತ ಮಾಡಿಕೊಂಡು ಶುಕ್ರವಾರ ತಿಳಿಸುತ್ತೇನೆ.

ಯಾಕೆ ಅಲ್ಲಿಗೆ ಅಂತ ಇಬ್ಬರು ಕೇಳಿದ್ದರು. 1889ರಲ್ಲಿ ಸಮಾಜ ಸೇವಕಿಯರಾದ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅಲ್ಲಿ ವಾಸಕ್ಕೆ ಬಂದರು. ಸುತ್ತಲೂ ಇಟಲಿ, ಗ್ರೀಸ್, ರಷ್ಯಾ ಕಡೆಯಿಂದ ಬಂದ ಬಡ ಕುಟುಂಬಗಳು. ಅವರಿಗಾಗಿ ಶಿಶುವಿಹಾರ, ಇಂಗ್ಲಿಷ್ ತರಗತಿ, ಆಟದ ಮೈದಾನ ಒಂದೊಂದಾಗಿ ಶುರುವಾದವು. ಎಲ್ಲವೂ ಗೆಲ್ಲಲಿಲ್ಲ. 'ಪೌಷ್ಟಿಕ' ಊಟದ ಅಡುಗೆಮನೆ ತೆರೆದರೆ ಜನ ತಿನ್ನಲೇ ಇಲ್ಲ! ನಾಲಿಗೆಗೆ ರುಚಿಸಬೇಕಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು 1900ರಲ್ಲಿ ಶುರುವಾದ ಕಾರ್ಮಿಕ ಮ್ಯೂಸಿಯಂ. ಊರಲ್ಲಿ ಕಲಿತ ನೂಲುವ ಕೆಲಸವನ್ನು ವಲಸೆ ಬಂದ ಹೆಂಗಸರೇ ಅಲ್ಲಿ ಮಾಡಿ ತೋರಿಸುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿದ ಅಮ್ಮನ ಜೊತೆ ಕಾಣಿಸಿಕೊಳ್ಳಲು ಒಬ್ಬ ಇಟಾಲಿಯನ್ ಹುಡುಗಿಗೆ ನಾಚಿಕೆ. ಒಂದು ಸಂಜೆ ನೋಡಿದರೆ ಅಮ್ಮನ ಸುತ್ತ ಜನ ನಿಂತು ಅವಳ ಕೈಚಳಕ ಮೆಚ್ಚುತ್ತಿದ್ದಾರೆ. ಆಮೇಲೆ ಹುಡುಗಿಗೂ ಅಮ್ಮನ ಬಗ್ಗೆ ಹೆಮ್ಮೆ ಬಂತು.

ಹಾಗಾಗಿ ಮಕ್ಕಳನ್ನು ಬಿಟ್ಟು ಬರಬೇಡಿ. ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನೂ ಕರೆತನ್ನಿ, ಮನೇಲಿ ಸುಮ್ನೆ ಟಿವಿ ಮುಂದೆ ಕೂತಿರುವುದು ಬೇಡ. ಹಳೆಯ ಕಟ್ಟಡಗಳಲ್ಲಿ ಎರಡೇ ಉಳಿದಿವೆ, ನಡೆಯುವುದು ಜಾಸ್ತಿ ಇಲ್ಲ. ಪುಳಿಯೋಗರೆ ನನ್ನದು. ಮೊಸರನ್ನ ಯಾರು ತರುತ್ತೀರಿ? ಎಷ್ಟು ಜನ ಅಂತ ಗುರುವಾರದೊಳಗೆ ಇಲ್ಲೇ ಬರೆಯಿರಿ.