ಹೆಸರು ಹೇಳಿ ನುಡಿಸು, ತಮ್ಮಾ

ಧಾರವಾಡ, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಕಾಕಾನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ನಿನ್ನ ಕಾಕುವಿನ ಮೊಣಕಾಲು ನೋವು ಈಗ ಎಷ್ಟೋ ಕಡಿಮೆ. ನೀನು ಕಳಿಸಿದ ವಿಡಿಯೋ ನಿನ್ನೆ ರಾತ್ರಿ ಇಬ್ಬರೂ ಕೂತು ನೋಡಿದೆವು. ಒಂದು ಸಲ ಅಲ್ಲ, ನಾಲ್ಕು ಸಲ. ನಿನ್ನ ಎಡಗೈ ಚೆನ್ನಾಗಿ ಪಳಗಿದೆ. ಬೆರಳಿಗೆ ಹಾಕುವ ಆ ಕೊಳವೆ, ಸ್ಲೈಡ್, ಗಿಟಾರ್ ತಂತಿಯ ಮೇಲೆ ಜಾರುವಾಗ ಮೊದಲು ಬರುತ್ತಿದ್ದ ಕರಕರ ಸದ್ದು ಈಗ ಇಲ್ಲವೇ ಇಲ್ಲ. ಎರಡು ವರ್ಷ ಬಿಡದೆ ಕೂತಿದ್ದೀಯ ಅನ್ನುವುದು ಕಿವಿಗೆ ತಿಳಿಯುತ್ತದೆ.

ಆದರೆ ವಿಡಿಯೋದ ಕೆಳಗೆ ನೀನು ಬರೆದದ್ದನ್ನು ಓದಿ ಮನಸ್ಸಿಗೆ ಕಸಿವಿಸಿ ಆಯಿತು. "ನನ್ನ ಹೊಸ ಟ್ಯೂನ್" ಅಂತ ಬರೆದಿದ್ದೀಯ. ಫೋನಿನಲ್ಲಿ ಕೇಳಿದರೆ, "ಕಾಕಾ, ಅದು ಹಳೇ ಬ್ಲೂಸ್, ಎಲ್ಲರೂ ನುಡಿಸ್ತಾರೆ, ನಾನು ಕೊನೆಗೆ ಸ್ವಲ್ಪ ಬದಲಾಯಿಸಿದ್ದೀನಿ" ಅಂದೆ ನೀನು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ, ಅದು ನನಗೂ ಗೊತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಅದಕ್ಕೇ ಈ ಪತ್ರ.

ಆ ಟ್ಯೂನಿಗೆ ಒಂದು ಹೆಸರಿದೆ. 'ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್'. ರಾತ್ರಿ ಕತ್ತಲಾಗಿತ್ತು, ನೆಲ ತಣ್ಣಗಿತ್ತು. ಅದನ್ನು ನುಡಿಸಿದವನಿಗೂ ಒಂದು ಹೆಸರಿದೆ, ಬ್ಲೈಂಡ್ ವಿಲ್ಲಿ ಜಾನ್ಸನ್. ಅಮೆರಿಕದ ಟೆಕ್ಸಾಸ್‌ನ ಕಪ್ಪು ಜನರ ಪೈಕಿ ಒಬ್ಬ. ಚಿಕ್ಕವನಿದ್ದಾಗಲೇ ಕಣ್ಣು ಹೋಗಿದ್ದವು. ಬೀದಿ ಮೂಲೆಯಲ್ಲಿ ನಿಂತು ದೇವರ ಪದ ಹಾಡಿ, ಬಂದ ಚಿಲ್ಲರೆಯಲ್ಲಿ ಬದುಕಿದವನು. ಬರೀ ಬ್ಲೂಸ್ ಹಾಡುಗಾರ ಅಂದರೆ ಆತ ಒಪ್ಪುತ್ತಿರಲಿಲ್ಲವೇನೋ. ಮಾತೆಲ್ಲ ದೇವರದು, ಗಿಟಾರ್ ಮಾತ್ರ ಬ್ಲೂಸಿನದು.

1927ರ ಡಿಸೆಂಬರ್ 3ರಂದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯವರು ತಾತ್ಕಾಲಿಕ ಸ್ಟುಡಿಯೋ ಹಾಕಿಕೊಂಡು ಕೂತಿದ್ದರು. ಆಗೆಲ್ಲ ಹಾಗೇ. ಯಂತ್ರಗಳನ್ನು ಹೊತ್ತು ಊರೂರಿಗೆ ಹೋಗಿ, ಅಲ್ಲಿನ ಹಾಡುಗಾರರನ್ನು ಕರೆಸಿ ರೆಕಾರ್ಡ್ ಮಾಡುತ್ತಿದ್ದರು. ಕಪ್ಪು ಜನರಿಗೇ ಮಾರುವ ರೆಕಾರ್ಡುಗಳಿಗೆ 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ. ಆ ಒಂದೇ ದಿನ ಜಾನ್ಸನ್ ಆರು ಹಾಡು ಹಾಡಿದ. ಅದರಲ್ಲಿ ಇದೂ ಒಂದು. ಉದ್ದ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನೀನು ಇದನ್ನು ಕಲಿತದ್ದು ಯಾರೋ ಹಾಕಿದ ಪಾಠ ನೋಡಿ, ಅಲ್ವಾ? ಒಮ್ಮೆ ಮೂಲವನ್ನೇ ಕೇಳು. ಇಯರ್‌ಫೋನ್ ಹಾಕಿಕೊಂಡು, ದೀಪ ಆರಿಸಿ. ಮೊದಲು ಗಿಟಾರ್ ಒಂದೇ ಬರುತ್ತದೆ. ಸ್ಲೈಡ್ ಒಂದು ಸ್ವರದ ಕೆಳಗಿನಿಂದ ನಿಧಾನ ಏರಿ ಅದನ್ನು ಮುಟ್ಟುತ್ತದೆ, ಮುಟ್ಟಿದಲ್ಲಿ ನಡುಗುತ್ತದೆ. ಆಮೇಲೆ ದನಿ. ಮಾತಿಲ್ಲ. 'ಮ್ಮ್' ಅಂತ ಶುರುವಾಗಿ ಅರ್ಧ ಬಾಯಿ ತೆರೆದು 'ಆ' ಆಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ದನಿ ಎಲ್ಲಿ ಬಿಡುತ್ತದೋ ಅಲ್ಲಿಂದ ತಂತಿ ಎತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಯಾವುದು ಗಂಟಲು, ಯಾವುದು ತಂತಿ ಅಂತ ಬೇರೆ ಮಾಡಲಿಕ್ಕೇ ಆಗುವುದಿಲ್ಲ. ಚಿಕ್ಕಂದಿನಲ್ಲಿ ಕೇಳಿದ, ವೀಣೆಯಂಥ ಗೋಟುವಾದ್ಯದ ನೆನಪಾಯಿತು ನನಗೆ. ಅದರಲ್ಲೂ ಹಾಗೇ, ವೀಣೆಗಿರುವ ಮೆಟ್ಟು ಇಲ್ಲ, ಮರದ ತುಂಡು ಜಾರುತ್ತಾ ಹಾಡುತ್ತದೆ.

ಇದು ಆತನಿಗೆ ಎಲ್ಲಿಂದ ಬಂತು ಗೊತ್ತಾ? 18ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾವೈಸ್ ಎಂಬ ಪಾದ್ರಿ ಒಂದು ಕೀರ್ತನೆ ಬರೆದರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಏಸು ಗೆತ್ಸೇಮನೆ ತೋಟದಲ್ಲಿ ಒಬ್ಬನೇ ನೆಲಕ್ಕೆ ಬಿದ್ದು ಪ್ರಾರ್ಥಿಸಿದ ಕತೆ ಅದು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಇಂಥ ಕೀರ್ತನೆ ಹಾಡುವ ರೀತಿಯೇ ಬೇರೆ ಇತ್ತು. ಎಲ್ಲರ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಮುಂದೆ ನಿಂತವರು ಒಂದು ಸಾಲು ಹೇಳುತ್ತಿದ್ದರು. ಹಿಂದಿನ ಜನ ಅದನ್ನು ಎಳೆದು ಎಳೆದು, ಅಲೆ ಎದ್ದ ಹಾಗೆ, ಪುನಃ ಹಾಡುತ್ತಿದ್ದರು. ನಮ್ಮ ಭಜನೆ ಮೇಳದಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುವುದಿಲ್ಲವೇ, ಸುಮಾರು ಹಾಗೆ. ಜಾನ್ಸನ್ ಆ ಇಡೀ ಚರ್ಚನ್ನೇ ತನ್ನ ಎರಡು ಕೈ, ಒಂದು ಗಂಟಲಿನೊಳಗೆ ತಂದುಬಿಟ್ಟ. ಒಂದು ಸಲ ಗಿಟಾರ್ ಹೇಳಿಕೊಡುತ್ತದೆ, ದನಿ ಎತ್ತಿಕೊಳ್ಳುತ್ತದೆ. ಇನ್ನೊಂದು ಸಲ ದನಿ ಮುಂದೆ, ತಂತಿ ಹಿಂದೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆತ ಕೀರ್ತನೆಯ ಒಂದು ಪದವನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲ ಬಿಟ್ಟ. ಆದರೂ ರೆಕಾರ್ಡಿನ ಮೇಲೆ ಹಳೆಯ ಕೀರ್ತನೆಯ ಮೊದಲ ಸಾಲೇ ಹೆಸರಾಗಿ ಉಳಿಯಿತು. ನೀನು ಯೋಚಿಸು. ನಮ್ಮಲ್ಲಿ ವಚನ ಹಾಡಿದರೆ ಅಂಕಿತ ಬಂದೇ ಬರುತ್ತದೆ. 'ಕೂಡಲಸಂಗಮದೇವ' ಅಂದ ಕೂಡಲೇ ಇದು ಬಸವಣ್ಣನವರದು ಅಂತ ಮಗುವಿಗೂ ಗೊತ್ತು. ದಾಸರ ಪದಕ್ಕೂ ಅಂಕಿತ, ಶರೀಫ ಸಾಹೇಬರ ಪದಕ್ಕೂ ಅಂಕಿತ. ಆದರೆ ಧಾಟಿಗೆ ಅಂಕಿತ ಇಲ್ಲ, ತಮ್ಮಾ. ಮಾತಿಲ್ಲದ ಹಾಡಿಗಂತೂ ಹೆಸರೊಂದೇ ಅಂಕಿತ. ನೀನು ಅದನ್ನೇ ಅಳಿಸಿದ್ದೀಯ.

ಆ ರೆಕಾರ್ಡಿನ ಇನ್ನೊಂದು ಮಗ್ಗುಲಿನ ಹಾಡಿಗೆ ಏನಾಯಿತು ಅಂತ ಹೇಳುತ್ತೇನೆ ಕೇಳು. 'ಇಟ್ಸ್ ನೋಬಡೀಸ್ ಫಾಲ್ಟ್ ಬಟ್ ಮೈನ್', ಅದೇ ದಿನ ಹಾಡಿದ್ದು. 1976ರಲ್ಲಿ ಇಂಗ್ಲೆಂಡಿನ ಲೆಡ್ ಝೆಪ್ಲಿನ್ ಎಂಬ ರಾಕ್ ತಂಡ ಅದನ್ನು ತಮ್ಮ ರೀತಿಯಲ್ಲಿ ಮಾಡಿ ಆಲ್ಬಮ್‌ಗೆ ಹಾಕಿತು. ಬರೆದವರು ಅಂತ ತಂಡದ ಇಬ್ಬರ ಹೆಸರು ಬಂತು. ಜಾನ್ಸನ್ ಹೆಸರು ಇಲ್ಲ. ಅವರು ಬದಲಾಯಿಸಿದ್ದು ಬಹಳ, ಅದು ನಿಜ. ನಿನ್ನ ಹಾಗೇ ಅವರಿಗೂ ಅದು ತಮ್ಮದೇ ಅನ್ನಿಸಿರಬಹುದು. ಆದರೂ ಎಷ್ಟೋ ಹುಡುಗರು ಅದನ್ನು ಕೇಳಿ ಬೆಳೆದರು, ಮೂಲ ಯಾರದು ಅಂತ ಗೊತ್ತಾಗದೆ. ನನಗೆ ಅದು ಇವತ್ತಿಗೂ ಸರಿ ಕಾಣುವುದಿಲ್ಲ.

ಅದೇ ರೆಕಾರ್ಡಿನ ಈ ಮಗ್ಗುಲನ್ನು, ಅಂದರೆ ನೀನು ನುಡಿಸಿದ ಹಾಡನ್ನು, ಹಿಡಿದವರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್. 1970ರ ತಮ್ಮ ಮೊದಲ ಆಲ್ಬಮ್‌ನಲ್ಲೇ ಇದನ್ನು ನುಡಿಸಿದರು. 1984ರ 'ಪ್ಯಾರಿಸ್, ಟೆಕ್ಸಾಸ್' ಸಿನಿಮಾಕ್ಕೆ ಅವರು ಕೊಟ್ಟ ಸಂಗೀತ ಈ ಹಾಡಿನ ಮೇಲೇ ನಿಂತಿದೆ. ಮರುಭೂಮಿಯಲ್ಲಿ ಒಬ್ಬನೇ ನಡೆದು ಬರುವ ಮನುಷ್ಯ, ಹಿಂದೆ ಆ ಜಾರುವ ತಂತಿ. ಕೇಳಿದವರಿಗೆಲ್ಲ ಅವರು ಜಾನ್ಸನ್ ಹೆಸರು ಹೇಳುತ್ತಾ ಬಂದರು. ಅದರಿಂದ ಅವರ ಬೆಲೆ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ. ಮುಂದೆ ನಮ್ಮ ಮೋಹನ ವೀಣೆಯ ವಿಶ್ವಮೋಹನ ಭಟ್ಟರ ಜೊತೆ ಕೂತು ನುಡಿಸಿದ್ದೂ ಇವರೇ.

ಇನ್ನೊಂದು ವಿಷಯ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವಾಗ ವರ್ಷವರ್ಷವೂ ವಾಯೇಜರ್ ಬಗ್ಗೆ ಹೇಳುತ್ತಿದ್ದೆನಲ್ಲ, ಈ ಹಾಡು ನನಗೆ ಸಿಕ್ಕಿದ್ದು ಅದರಿಂದಲೇ. 1977ರಲ್ಲಿ ಅಮೆರಿಕದ ನಾಸಾ ಬಾಹ್ಯಾಕಾಶಕ್ಕೆ ಹಾರಿಸಿದ ಎರಡೂ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ರೆಕಾರ್ಡ್ ಇದೆ. ಭೂಮಿಯ 55 ಭಾಷೆಗಳ ನಮಸ್ಕಾರ, 27 ಸಂಗೀತ. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಅನ್ನುವ ದನಿಯೂ ಅದರಲ್ಲಿದೆ. ಸಂಗೀತದ ಕೊನೆಯ ಭಾಗದಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ರಾಗ ಬರುತ್ತದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರದೇ ಘರಾಣೆ. ಆ ಭೈರವಿ ಮುಗಿದ ಕೂಡಲೇ ಬರುವುದು ಈ ಕುರುಡನ ಗುನುಗು. ಅದರ ನಂತರ ಬೀಥೋವನ್, ಅಲ್ಲಿಗೆ ಮುಗಿಯಿತು. ಈಗ ವಾಯೇಜರ್ 1 ನಮ್ಮಿಂದ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅದನ್ನು ನೆನೆದರೆ ನನಗೆ ಮೈ ಜುಂ ಅನ್ನುತ್ತದೆ.

ಹಾಡಿದವನ ಗತಿ ಏನಾಯಿತು? 1930ರ ನಂತರ ಯಾರೂ ಆತನನ್ನು ರೆಕಾರ್ಡಿಂಗ್‌ಗೆ ಕರೆಯಲಿಲ್ಲ. ಒಟ್ಟು 30 ಹಾಡು, ಮುಗಿಯಿತು. 1945ರಲ್ಲಿ ಟೆಕ್ಸಾಸ್‌ನ ಬ್ಯೂಮಾಂಟ್ ಊರಿನಲ್ಲಿ ಮನೆ ಸುಟ್ಟುಹೋಯಿತು. ಹೋಗಲು ಬೇರೆ ಜಾಗ ಇರಲಿಲ್ಲ. ಆ ಸುಟ್ಟ ಮನೆಯಲ್ಲೇ ಒದ್ದೆ ಹಾಸಿಗೆಯ ಮೇಲೆ ಮಲಗಿದೆವು ಅಂತ ಹೆಂಡತಿ ಆಮೇಲೆ ಹೇಳಿದ್ದಾಳೆ. ಜ್ವರ ಬಂತು. ಸೆಪ್ಟೆಂಬರ್ 18ಕ್ಕೆ ತೀರಿಕೊಂಡ. ತಣ್ಣನೆಯ ನೆಲ ಅಂತ ಹಾಡಿದವನು. ಎಷ್ಟೋ ಕಾಲ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಆತನಿಗೆ ಉಳಿದದ್ದು ಹೆಸರೊಂದೇ. ಅದನ್ನೂ ನಾವು ಬಿಟ್ಟರೆ ಹೇಗೆ?

ಇಷ್ಟೆಲ್ಲ ಹೇಳುವ ಹಕ್ಕು ನನಗೆ ಸುಮ್ನೆ ಬಂದದ್ದಲ್ಲ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಪ್ರತಿ ಶ್ರಾವಣಕ್ಕೆ ನಮ್ಮ ಮನೆ ಬಾಗಿಲಿಗೆ ಏಕತಾರಿ ಹಿಡಿದು ಒಬ್ಬ ಅಜ್ಜ ಬರುತ್ತಿದ್ದ. ತತ್ವಪದ ಹಾಡುತ್ತಿದ್ದ. ಒಂದು ಧಾಟಿ ನನಗೆ ಅಂಟಿಕೊಂಡುಬಿಟ್ಟಿತು. ಕಾಲೇಜಿನ ಸ್ಪರ್ಧೆಯಲ್ಲಿ ಅದಕ್ಕೆ ಬೇರೆ ಮಾತು ಕೂಡಿಸಿ ಹಾಡಿದೆ. ಧಾಟಿ ಯಾರದು ಅಂತ ಕೇಳಿದರು. ನನ್ನದೇ ಅಂದೆ. ಮೊದಲ ಬಹುಮಾನ ಬಂತು. ಮುಂದಿನ ಶ್ರಾವಣಕ್ಕೆ ಅಜ್ಜ ಬಂದಾಗ ಅವ್ವ ಹೆಮ್ಮೆಯಿಂದ, "ನಿಮ್ಮ ಪದ ಹಾಡಿ ನಮ್ಮ ಹುಡುಗ ಕಪ್ ಗೆದ್ದಾನ" ಅಂದಳು. ಅಜ್ಜ ಕಟ್ಟೆಯ ಮೇಲೆ ಕೂತು, ಹಾಡು ಅಂದ. ಹಾಡಿದೆ. ಎರಡನೇ ಸಾಲಿಗೆ ನಿಲ್ಲಿಸಿದ. "ಅಲ್ಲೆ ಇನ್ನೂ ಸ್ವಲ್ಪ ಎಳೀಬೇಕು ತಮ್ಮಾ" ಅಂತ ತಿದ್ದಿದ. ಆಮೇಲೆ, "ಇದು ನಂದಲ್ಲ, ನಮ್ಮ ಗುರುಗಳದು" ಅಂತ ಗುರುವಿನ ಹೆಸರು, ಅವರ ಊರು ಎರಡನ್ನೂ ಹೇಳಿ, ಕಣ್ಣಿಗೆ ಕೈ ಒತ್ತಿಕೊಂಡ. ಕಪ್ ಒಳಗೆ ಗೂಡಿನಲ್ಲಿತ್ತು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ. ಸ್ಪರ್ಧೆಯಲ್ಲಿ ಏನು ಹೇಳಿದ್ದೆ ಅಂತ ಬಾಯಿ ಬಿಡಲೂ ಆಗಲಿಲ್ಲ. ಆ ಅಜ್ಜ ಮತ್ತೆ ಎರಡು ವರ್ಷ ಬಂದ, ಆಮೇಲೆ ಬರಲಿಲ್ಲ.

ವಿಡಿಯೋ ತೆಗೆಯಬೇಡ. ಅದರ ಕೆಳಗಿನ ಸಾಲು ಮಾತ್ರ ಬದಲಾಯಿಸು. ಹಾಡಿನ ಹೆಸರು, ಬ್ಲೈಂಡ್ ವಿಲ್ಲಿ ಜಾನ್ಸನ್, ಡಲ್ಲಾಸ್, 1927 ಅಂತ ಬರೆ. ಪಾಠ ಹೇಳಿಕೊಟ್ಟವರ ಹೆಸರೂ ಇರಲಿ. ಅದರ ಕೆಳಗೆ ನಿನ್ನ ಹೆಸರು, ಮತ್ತು ಕೊನೆಯ ಭಾಗ ನಾನು ಸೇರಿಸಿದ್ದು ಅಂತ ಒಂದು ಮಾತು. ಆ ಕೊನೆಯ ಭಾಗ ನಿಜಕ್ಕೂ ಚೆನ್ನಾಗಿದೆ. ಅದನ್ನು ನೀನು ಧೈರ್ಯವಾಗಿ ನಿನ್ನದು ಅನ್ನಬಹುದು.

ಇನ್ನೊಂದು ಸಣ್ಣ ಮಾತು. ನಡುವೆ ತಾಳದ ಸದ್ದು ಹಾಕಿದ್ದೀಯಲ್ಲ, ಅದನ್ನು ಒಂದು ಸಲ ತೆಗೆದು ನೋಡು. ಮತ್ತೆ ನುಡಿಸುವಾಗ ಬಾಯಿ ಮುಚ್ಚಿಕೊಂಡೇ ಗುನುಗು. ದನಿ ಎಲ್ಲಿ ಸಾಕಾಗುತ್ತದೋ ಅಲ್ಲಿ ತಂತಿಗೆ ಬಿಡು.

ದೀಪಾವಳಿಗೆ ಬರುವಾಗ ಗಿಟಾರ್ ತಗೊಂಡು ಬಾ. ಅಜ್ಜನ ಪದ ನನಗೆ ಇನ್ನೂ ಪೂರ್ತಿ ನೆನಪಿದೆ. ಎಲ್ಲಿ ಎಳೀಬೇಕು ಅನ್ನುವುದೂ, ಆ ಗುರುವಿನ ಹೆಸರು, ಊರು ಎಲ್ಲವೂ. ಕಟ್ಟೆಯ ಮೇಲೆ ಕೂತು ಹೇಳಿಕೊಡುತ್ತೇನೆ.

ನಿನ್ನ ಕಾಕಾ