ಕಾರ್ ಶೆಡ್ಡಿನ ತಾರಸಿಗೆ ಮೊದಲು ವಾಟ, ಆಮೇಲೆ ಬಣ್ಣ

ಮಾನ್ಯ ಸಂಪಾದಕರೇ,

ಬೇಸಿಗೆ ಶುರುವಾದರೆ ಸಾಕು, ತಾರಸಿಗೆ ಬಳಿಯುವ ವಾಟರ್‌ಪ್ರೂಫ್ ಬಣ್ಣದ ಜಾಹೀರಾತುಗಳು ಎಲ್ಲೆಲ್ಲೂ ಕಾಣುತ್ತವೆ. ನಾನು ಮೈಸೂರಿನಲ್ಲಿ ಗಾರೆ ಕೆಲಸ ಮಾಡುವವನು. ನಮ್ಮ ಅಪ್ಪನದೂ ಅದೇ ಕೆಲಸ. ಆ ಬಣ್ಣಗಳ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಬಳಿಯುತ್ತೇನೆ. ಆದರೆ ಡಬ್ಬಿ ಕೊಳ್ಳುವ ಮೊದಲು ನೋಡಬೇಕಾದದ್ದನ್ನು ಯಾರೂ ನೋಡುವುದಿಲ್ಲ. ಮಳೆ ಬಿಟ್ಟ ಮೇಲೆ ನಿಮ್ಮ ತಾರಸಿಯಲ್ಲಿ ನೀರು ಎಷ್ಟು ಹೊತ್ತು ನಿಂತಿರುತ್ತದೆ?

ಕಾರ್ ಶೆಡ್ಡಿನ ವಿಷಯವನ್ನೇ ಬರೆಯುತ್ತೇನೆ. ನನಗೆ ಬರುವ ಸೋರಿಕೆ ಕೆಲಸಗಳಲ್ಲಿ ಅದರದೇ ಕಾಟ ಜಾಸ್ತಿ. ಮನೆ ಕಟ್ಟುವಾಗ ಎಂಜಿನಿಯರ್ ಇರುತ್ತಾರೆ, ಪ್ಲಾನ್ ಇರುತ್ತದೆ. ಶೆಡ್ಡಿಗೆ ಅದೆಲ್ಲ ಎಲ್ಲಿ? ಕಾರು ಬಂದ ಮೇಲೆ ಮನೆ ಗೋಡೆಗೂ ಕಾಂಪೌಂಡಿಗೂ ನಡುವಿನ ಜಾಗಕ್ಕೆ ಒಂದು ಮೌಲ್ಡ್ ಹಾಕಿಸಿಬಿಡುತ್ತಾರೆ. ರಸಮಟ್ಟ ಇಟ್ಟರೆ ಗುಳ್ಳೆ ಅಲುಗದಷ್ಟು ಮಟ್ಟಸವಾಗಿದೆ ಅಂತ ಹೆಮ್ಮೆ ಬೇರೆ. ಆ ಮಟ್ಟಸವೇ ಅದರ ರೋಗ. 10 ಅಡಿಗೆ ಒಂದೂವರೆ ಇಂಚಾದರೂ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಬೇಕು. 10 ಅಡಿ ಅಗಲ, 18 ಅಡಿ ಉದ್ದದ ಶೆಡ್ಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 400 ಲೀಟರಿಗೂ ಹೆಚ್ಚು ನೀರಾಗುತ್ತದೆ. ಅಷ್ಟೂ ನೀರು ಹೊರಗೆ ಹೋಗಲಿ ಅಂತ ಒಂದಿಂಚಿನ ಪೈಪಿನ ತುಂಡು ಇಟ್ಟಿರುತ್ತಾರೆ. ಪಕ್ಕದಲ್ಲೊಂದು ಹೊಂಗೆ ಮರ ಇದ್ದರೆ ಮುಗಿಯಿತು, ಮೊದಲ ಮಳೆಗೇ ಎಲೆ ಕಟ್ಟಿಕೊಳ್ಳುತ್ತದೆ. 3 ಇಂಚಿನ ಪೈಪು ಹಾಕಿಸಿ. ಅದರ ಬಾಯಿ ತಾರಸಿಯ ನೆಲಕ್ಕೆ ಸಮವಾಗಿರಲಿ, ಅರ್ಧ ಇಂಚೂ ಮೇಲಿರಬಾರದು.

ನಿಂತ ನೀರನ್ನು ಬಣ್ಣ ತಡೆಯುವುದಿಲ್ಲವೇ ಅಂತ ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣ ದಿನಗಟ್ಟಲೆ ನೀರಲ್ಲಿ ನೆನೆದರೆ ಮೆತ್ತಗಾಗಿ ಎದ್ದುಬರುತ್ತದೆ. ಹರಿದುಹೋಗುವ ನೀರಿಗಷ್ಟೇ ಅದು ಸರಿ. ಹಳೆಯ ಅಗ್ರಹಾರದ ಮನೆಗಳ ಮದ್ರಾಸ್ ತಾರಸಿ ನೋಡಿ. ಇಟ್ಟಿಗೆ ಚೂರು, ಸುಣ್ಣ ಕಲಸಿ ಹಾಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲದ ಮಹಿಮೆಯನ್ನು ಎಲ್ಲರೂ ಹೇಳುತ್ತಾರೆ. ಆ ಪದರದಲ್ಲೇ ವಾಟ ಕೊಡುತ್ತಿದ್ದರು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಶೆಡ್ಡಿನದು ಇನ್ನೊಂದು ತೊಂದರೆ ಇದೆ. ಅದು ಮನೆ ಗೋಡೆಗೆ ಸೇರುವ ಸಂದು. ಮನೆ ಮೊದಲು ಕಟ್ಟಿದ್ದು, ಶೆಡ್ಡು ಆಮೇಲೆ ಬಂದಿದ್ದು. ಎರಡರ ಪಾಯ ಬೇರೆ, ಕೂರುವ ರೀತಿ ಬೇರೆ. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವುದು ಬೇರೆ ಇದೆಯಲ್ಲ, ಸಂದು ಬಾಯಿ ಬಿಡಲೇಬೇಕು. ವರ್ಷಾ ವರ್ಷಾ ಅದಕ್ಕೆ ಸಿಮೆಂಟ್ ಮೆತ್ತಿಸುವುದು ದುಡ್ಡು ದಂಡ. ಮೆತ್ತಿದ್ದು ಮುಂದಿನ ಬೇಸಿಗೆಗೆ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ, ನೀರಿಗೆ ಅಷ್ಟು ಸಾಕು. ಅಲ್ಲಿ ಸಂದನ್ನು ಬಿಡಿಸಿ, ಧೂಳು ತೆಗೆದು, ರಬ್ಬರಿನಂತೆ ಎಳೆದಾಡುವ ಸೀಲಂಟ್ ತುಂಬಬೇಕು. ವಾಟರ್‌ಪ್ರೂಫ್ ಪದರವನ್ನು ಗೋಡೆ ಮೇಲೆ 6 ಇಂಚು ಹತ್ತಿಸಬೇಕು. ಹತ್ತಿಸಿದ ತುದಿಯನ್ನು ಗೋಡೆಯಲ್ಲಿ ಗಾಡಿ (ಉದ್ದನೆಯ ಸೀಳು) ಕೊರೆದು ಒಳಗೆ ಸಿಕ್ಕಿಸಿ ಮುಚ್ಚಬೇಕು. ತುದಿ ಹೊರಗೇ ಇದ್ದರೆ ಗೋಡೆಯಲ್ಲಿ ಇಳಿದ ನೀರು ಪದರದ ಹಿಂದೆ ಹೋಗಿ ಕೂರುತ್ತದೆ.

ಈ ಕೆಲಸಕ್ಕೆ ಜೂನಿನಲ್ಲಿ ಫೋನ್ ಮಾಡಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ಮಾಡಿ. ಹಸಿ ಕಾಂಕ್ರೀಟಿನ ಮೇಲೆ ಪದರ ಹಾಕಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಒಣಗಿದೆಯೋ ಇಲ್ಲವೋ ನೋಡುವುದು ಸುಲಭ. ಸಂಜೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ. ಬೆಳಿಗ್ಗೆ ಹಾಳೆಯ ಅಡಿ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ. ಕೆಲಸ ಮುಗಿದ ಮೇಲೆ ಪೈಪಿಗೆ ಬಟ್ಟೆ ತುರುಕಿ, ಎರಡು ದಿನ ನೀರು ನಿಲ್ಲಿಸಿ ನೋಡಿಯೇ ಬಾಕಿ ದುಡ್ಡು ಕೊಡಿ. ಇದನ್ನು ಹೇಳಿದ್ದಕ್ಕೆ ನಮ್ಮವರೇ ಬೈಯಬಹುದು.

ಇನ್ನು ಬಿಸಿಲಿನ ಮಾತು. ಶೆಡ್ಡಿನಲ್ಲಿ ಬರೀ ಕಾರು ನಿಲ್ಲುವುದಾದರೆ ಶಾಖ ತಡೆಯಲು ಖರ್ಚು ಮಾಡಬೇಡಿ. ಆದರೆ ಈಗ ಎಷ್ಟೋ ಶೆಡ್ಡುಗಳು ಟೈಲರಿಂಗ್ ರೂಮು, ಟ್ಯೂಷನ್ ರೂಮು ಆಗಿವೆ. ಅಲ್ಲಿ ಏಪ್ರಿಲ್ ಮಧ್ಯಾಹ್ನ ಕೂರುವುದು ಹೇಗೆ? ದುಡ್ಡಿಲ್ಲದವರು ಪ್ರತಿ ಬೇಸಿಗೆ ಎರಡು ಕೋಟು ಬಿಳಿ ಸುಣ್ಣ ಬಳಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಅನುಕೂಲ ಇದ್ದವರು ವಾಟರ್‌ಪ್ರೂಫ್ ಪದರದ ಮೇಲೆ 2 ಇಂಚಿನ ಎಕ್ಸ್‌ಪಿಎಸ್ (ಥರ್ಮಾಕೋಲ್ ಜಾತಿಯದೇ, ಆದರೆ ಒತ್ತಾದ) ಫೋಮ್ ಹಲಗೆ ಹಾಸಿ, ಅದರ ಮೇಲೆ ತೆಳ್ಳಗೆ ಕಾಂಕ್ರೀಟ್ ಹಾಕಿಸಲಿ. ಆ 2 ಇಂಚು ಫೋಮ್ ತಡೆಯುವಷ್ಟು ಶಾಖ ತಡೆಯಲು ಆರೇಳು ಅಡಿ ದಪ್ಪದ ಕಾಂಕ್ರೀಟ್ ಬೇಕಾಗುತ್ತದೆ. ಕೆಳಗಿನ ಪದರಕ್ಕೂ ಬಿಸಿಲು ತಾಗದೆ ಬಾಳಿಕೆ ಜಾಸ್ತಿ. ಮಾಮೂಲಿ ಥರ್ಮಾಕೋಲ್ ಹಾಕಬೇಡಿ, ಅದು ನೀರು ಹೀರುತ್ತದೆ. ಸೋರುವ ಶೆಡ್ಡಿಗೆ ಕೆಳಗಿಂದ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಸೋರುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೆಲವರು ಇಟ್ಟಿಗೆ ಚೂರಿನ ಕೋಬಾ, ಅಂದರೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿದ ಪದರ, 4 ಇಂಚು ಹಾಕಿ, ತಂಪೂ ಆಗಲಿ ವಾಟವೂ ಬರಲಿ ಅನ್ನುತ್ತಾರೆ. ಒಳ್ಳೆಯದೇ, ಆದರೆ ಭಾರ? ಚದರ ಮೀಟರಿಗೆ 200 ಕೆ.ಜಿ. ಹತ್ತಿರ ಬರುತ್ತದೆ. ನಾನು ಹೇಳಿದ ಅಳತೆಯ ಶೆಡ್ಡಿನ ಮೇಲೆ ಸುಮಾರು 3 ಟನ್. ಜನ ಓಡಾಡುವ ತಾರಸಿಗೆ ಓಡಾಟದ ಭಾರ ಅಂತ ಎಂಜಿನಿಯರುಗಳು ಹಿಡಿಯುವ ಲೆಕ್ಕವೇ ಚದರ ಮೀಟರಿಗೆ 150 ಕೆ.ಜಿ. ಸುಮಾರು. ಕಂಬಿ ಎಷ್ಟು ಹಾಕಿದ್ದಾರೋ ಗೊತ್ತಿಲ್ಲದ ಹಳೇ ಶೆಡ್ಡಿನ ಮೇಲೆ ಇದನ್ನು ಹೇರುವುದಕ್ಕೆ ನನಗಂತೂ ಧೈರ್ಯವಿಲ್ಲ.

ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲಿ (ವಾಸದ ಕಟ್ಟಡಗಳಲ್ಲಿ ಇಂಧನ ಉಳಿಸುವ ನಿಯಮಗಳು) ತಾರಸಿ ಮೂಲಕ ಒಳಗೆ ಬರುವ ಶಾಖಕ್ಕೆ ಮಿತಿ ಹಾಕಿದ್ದಾರೆ. ಆದರೆ ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. 30-40 ಸೈಟು 111 ಚದರ ಮೀಟರ್ ಅಷ್ಟೇ. ಅಂದರೆ ಸಾಮಾನ್ಯರ ತಾರಸಿ ಸರಿಯಾಗಬೇಕಾದರೆ ಅದು ಗಾರೆಯವನ ಕೈಯಲ್ಲೇ ಆಗಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡಗಳ ವೆಚ್ಚದ ಮೇಲೆ 1 ಪರ್ಸೆಂಟ್ ಸೆಸ್ ವಸೂಲಿ ಮಾಡುತ್ತಾರೆ. ಅದರಲ್ಲಿ ಸ್ವಲ್ಪ ಹಣದಿಂದ ಪ್ರತಿ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ತಾರಸಿ ಕೆಲಸವೊಂದನ್ನೇ ಹೇಳಿಕೊಡುವ ಒಂದು ವಾರದ ತರಬೇತಿ ನಡೆಸಲಿ ಎಂದು ಕಲ್ಯಾಣ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಆ ವಾರದ ಕೂಲಿಯನ್ನೂ ಕೊಡಬೇಕು. ಇಲ್ಲದಿದ್ದರೆ ಯಾರೂ ಬರುವುದಿಲ್ಲ.

— ಒಬ್ಬ ಗಾರೆ ಮೇಸ್ತ್ರಿ, ಮೈಸೂರು