ನಮ್ಮ ಮೇಲಿನ ಮನೆಯ ಫ್ರೆಂಚ್ ಮೇಡಂ

ಪ್ರೀತಿಯ ಗೆಳೆಯಾ,

ಸ್ಕಾಟ್‌ಲೆಂಡಿನ ಜನ ಹೊರಗಿನಿಂದ ಬಂದವರನ್ನು ಹೇಗೆ ನೋಡುತ್ತಾರೆ ಅಂತ ಕೇಳಿದ್ದೆಯಲ್ಲ. ನನ್ನ ಕಥೆಗಿಂತ ನಮ್ಮ ಮೇಲಿನ ಮನೆಯವರ ಕಥೆ ಹೇಳಿದರೆ ನಿನಗೆ ಜಾಸ್ತಿ ತಿಳಿಯುತ್ತದೆ. ಅವರು ಫ್ರಾನ್ಸಿನ ಪಶ್ಚಿಮ ಕರಾವಳಿಯ ಬ್ರೆಸ್ಟ್ ಊರಿನವರು. ನಾನು ಬರುವುದಕ್ಕೆ ಎಷ್ಟೋ ಮೊದಲೇ ಎಡಿನ್‌ಬರೋದ ಬಂದರು ಪ್ರದೇಶವಾದ ಲೀತ್‌ಗೆ ಬಂದು ನೆಲೆಸಿದವರು.

ಮಳೆ, ಗಾಳಿ ಅವರಿಗೆ ಹೊಸದಲ್ಲ, ಬ್ರೆಸ್ಟ್‌ನಲ್ಲೂ ಅದೇ. ಕಷ್ಟವಾಗಿದ್ದು ಡಿಸೆಂಬರಿನ ಕತ್ತಲೆ. ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಇಲ್ಲಿ ಸೂರ್ಯ ಮುಳುಗುತ್ತಾನೆ. ಆಮೇಲೆ ಸಂಜೆ ಆರಕ್ಕೇ ರಾತ್ರಿ ಊಟ! ಆದರೆ ಬಸ್ಸಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು, ಗುರುತಿಲ್ಲದವರೂ ಸ್ಟಾಪಿನಲ್ಲಿ ಸುಮ್ನೆ ಮಾತಿಗಿಳಿಯುವುದು ಅವರಿಗೆ ಬಹಳ ಹಿಡಿಸಿತಂತೆ. ಈಗ ಮೆಟ್ಟಿಲು ತೊಳೆಯುವ ಸರದಿ ಯಾರದ್ದು ಅಂತ ನಮಗೆಲ್ಲ ನೆನಪಿಸುವವರೇ ಅವರು.

ಫ್ರಾನ್ಸಿಗೂ ಈ ಊರಿಗೂ ಹಳೆಯ ನಂಟು. ಇಂಗ್ಲೆಂಡಿನ ವಿರುದ್ಧ 1295ರಲ್ಲೇ ಫ್ರಾನ್ಸ್ ಮತ್ತು ಸ್ಕಾಟ್‌ಲೆಂಡ್ ಒಪ್ಪಂದ ಮಾಡಿಕೊಂಡಿದ್ದವು. ಫ್ರಾನ್ಸಿನಲ್ಲಿ ಬೆಳೆದ ಸ್ಕಾಟ್‌ಲೆಂಡಿನ ರಾಣಿ ಮೇರಿ 1561ರಲ್ಲಿ ಹಡಗಿನಿಂದ ಇಳಿದದ್ದು ಇದೇ ಲೀತ್‌ನಲ್ಲಿ. ಫ್ರಾನ್ಸಿನ ಬೋರ್ಡೋದ ವೈನ್ ಶತಮಾನಗಳ ಕಾಲ ಇಲ್ಲಿಗೇ ಬಂದಿಳಿಯುತ್ತಿತ್ತು. ಇಲ್ಲಿನ ಮರ್ರಿಫೀಲ್ಡ್ ಮೈದಾನದಲ್ಲಿ ಎರಡೂ ದೇಶಗಳ ರಗ್ಬಿ ಪಂದ್ಯವಿದ್ದರೆ ಮೇಡಂ ನಮ್ಮ ಕಟ್ಟಡದವರ ಜೊತೆಯಲ್ಲೇ ಹೋಗುತ್ತಾರೆ. ಯಾರೇ ಗೆಲ್ಲಲಿ, ಆಮೇಲೆ ಎಲ್ಲರೂ ಒಟ್ಟಿಗೆ ಪಬ್‌ಗೆ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಅವರ ಓಟಿನ ವಿಷಯ. ಸ್ಕಾಟ್‌ಲೆಂಡ್ ಬೇರೆ ದೇಶವಾಗಬೇಕೇ ಅಂತ 2014ರಲ್ಲಿ ಜನರನ್ನು ಕೇಳಿದಾಗ ಇಲ್ಲಿದ್ದ ಯುರೋಪಿಯನ್ ಒಕ್ಕೂಟದ ದೇಶಗಳವರಿಗೂ ಓಟಿತ್ತು. ಅವರೂ ಹಾಕಿದರು. ಎರಡೇ ವರ್ಷಕ್ಕೆ, 2016ರ ಜೂನ್ 23ರಂದು, ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೇ ಅನ್ನುವ ಪ್ರಶ್ನೆ ಬಂತು. ಅವರದೇ ಬದುಕಿನ ಪ್ರಶ್ನೆ ಅದು, ಆದರೆ ಅವರಿಗೆ ಓಟಿರಲಿಲ್ಲ. ಸ್ಕಾಟ್‌ಲೆಂಡಿನಲ್ಲಿ 62% ಜನ ಇರೋಣ ಅಂದರು, ಎಡಿನ್‌ಬರೋದಲ್ಲಿ 74%. ಇಡೀ ಬ್ರಿಟನ್ನಿನ ಲೆಕ್ಕದಲ್ಲಿ ಅದು ಸಾಲಲಿಲ್ಲ, ಹೊರಹೋಗೋಣ ಅಂದವರೇ ಗೆದ್ದರು. ಮರುದಿನ ಬೆಳಿಗ್ಗೆ ಕೆಳಮನೆಯ ಸ್ಕಾಟಿಷ್ ಅಜ್ಜಿ ಮೆಟ್ಟಿಲು ಹತ್ತಿ ಬಂದು ಇವರನ್ನು ತಬ್ಬಿಕೊಂಡು ಅತ್ತರಂತೆ. ಆಮೇಲೆ ಇಲ್ಲೇ ಉಳಿಯಲು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಾಯಿತು. ಇಷ್ಟು ವರ್ಷ ತೆರಿಗೆ ಕಟ್ಟಿದವರು ಅರ್ಜಿ ಹಾಕಿ ಕಾಯಬೇಕೆಂದರೆ ಎಷ್ಟು ನೋವಾಗಿರಬೇಡ, ಹೇಳು.

ಇನ್ನೊಂದು ವಿಷಯ ಕೇಳು. ಕಾಮನ್‌ವೆಲ್ತ್ ದೇಶದವನು ಅನ್ನುವ ಕಾರಣಕ್ಕೆ, ಕೆಲಸದ ವೀಸಾದ ಮೇಲೆ ಬಂದ ನಾನು ಬ್ರಿಟನ್ನಿನ ಪಾರ್ಲಿಮೆಂಟಿಗೇ ಓಟು ಹಾಕಬಹುದು. ಅವರು ಸ್ಕಾಟಿಷ್ ಪಾರ್ಲಿಮೆಂಟಿಗೆ, ಊರಿನ ಕೌನ್ಸಿಲ್‌ಗೆ ಮಾತ್ರ. ಇದು ನನಗೆ ಸರಿ ಕಾಣುವುದಿಲ್ಲ. ಸ್ಕಾಟ್‌ಲೆಂಡ್ ತನ್ನ ಕೈಲಾದಷ್ಟು ಮಾಡಿದೆ: 2020ರ ಕಾನೂನಿನಿಂದ ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾವ ದೇಶದವರಾದರೂ ಅದರ ಚುನಾವಣೆಗಳಲ್ಲಿ ಓಟು ಹಾಕಬಹುದು. ಆ ಗುಣ ನನಗೆ ತುಂಬಾ ಇಷ್ಟ.

ಮೇಡಂ ಈಗ ಬ್ರಿಟಿಷ್ ಪೌರತ್ವದ ಪರೀಕ್ಷೆಗೆ ಓದುತ್ತಿದ್ದಾರೆ. 24 ಪ್ರಶ್ನೆ, 18 ಸರಿಯಾಗಬೇಕು. ಭಾನುವಾರ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ನಾನು ಪ್ರಶ್ನೆ ಕೇಳುತ್ತೇನೆ. ಫ್ರೆಂಚ್ ಪಾಸ್‌ಪೋರ್ಟನ್ನೂ ಅವರು ಇಟ್ಟುಕೊಳ್ಳಬಹುದು. ನಮ್ಮದು ಹಾಗಲ್ಲ, ಅಲ್ವಾ? ಭಾರತದ್ದನ್ನು ಬಿಟ್ಟುಕೊಡಬೇಕು. ನೀನೂ ತಗೋ ಅಂತ ಅವರು ಹೇಳುತ್ತಲೇ ಇರುತ್ತಾರೆ. ನನಗಿನ್ನೂ ಮನಸ್ಸು ಬಂದಿಲ್ಲ. ನಿನಗೇನನ್ನಿಸುತ್ತದೆ, ಬರೆ.

ನಿನ್ನ ಗೆಳೆಯ